ಮುಂದಿನ ಥಿಂಕ್‌ಪ್ಯಾಡಲ್ಲಿ ಏಳು ಸಾಲಿನ ಕೀಬೋರ್ಡ್ ವಾಪಸ್ ಬರತ್ತಾ? ಒಂದು ಹಳೇ ಆಸೆಯ ಹಿನ್ನೆಲೆ

ಕನ್ನಡದಲ್ಲಿ ದಿನಾ ಟೈಪ್ ಮಾಡೋರಿಗೆ ಒಂದು ವಿಷಯ ಗೊತ್ತಿರತ್ತೆ. "ಸ್ತ್ರೀ" ಅಂತ ಟೈಪ್ ಮಾಡಿ, ಆ ಅಕ್ಷರ ಆದ್ಮೇಲೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದ್ರೆ ಮೊದಲು ದೀರ್ಘ ಹೋಗತ್ತೆ, ಆಮೇಲೆ ರಕಾರ, ಆಮೇಲೆ ಒತ್ತು ಸೇರಿಸೋ ವಿರಾಮದ ಗುರುತು (್), ಹೀಗೆ ಪೂರ್ತಿ ಅಳಿಸೋಕೆ ಆರು ಸಲ ಒತ್ತಬೇಕು. ಅದೇ ಅಕ್ಷರಕ್ಕಿಂತ ಮೊದಲು ಕರ್ಸರ್ ಇಟ್ಟು ಡಿಲೀಟ್ ಒತ್ತಿ ನೋಡಿ, ಸುಮಾರು ಪ್ರೋಗ್ರಾಮ್‌ಗಳಲ್ಲಿ ಇಡೀ ಒತ್ತಕ್ಷರ ಒಂದೇ ಏಟಿಗೆ ಮಾಯ. ಹಾಗಾಗಿ ನಮ್ಮಂಥವರಿಗೆ ಡಿಲೀಟ್ ಕೀ ಅಂದ್ರೆ ಬರೀ ಮೂಲೆಯಲ್ಲಿರೋ ಒಂದು ಗುಂಡಿ ಅಲ್ಲ, ಅದು ಎಲ್ಲಿದೆ ಎಷ್ಟು ದೊಡ್ಡದಿದೆ ಅನ್ನೋದು ದಿನದ ಕೆಲಸಕ್ಕೆ ತಾಗೋ ವಿಷಯ.

ನನ್ನ ಹತ್ರ ಈಗಲೂ 2011ರ ಥಿಂಕ್‌ಪ್ಯಾಡ್ ಎಕ್ಸ್220 ಅನ್ನೋ ಲೆನೊವೊ ಲ್ಯಾಪ್‌ಟಾಪ್ ಒಂದಿದೆ. ಅದರ ಡಿಲೀಟ್ ಕೀ ಎರಡು ಸಾಲಿನಷ್ಟು ಎತ್ತರ, ಬಲಗೈ ಕಿರುಬೆರಳನ್ನ ನೋಡದೇ ಮೇಲೆ ಚಾಚಿದ್ರೂ ಸಿಗತ್ತೆ, ಪಕ್ಕದಲ್ಲೇ ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಎಲ್ಲ ಒಟ್ಟಿಗೆ ಒಂದು ಗುಂಪಾಗಿ ಕೂತಿವೆ. ಇದನ್ನೇ ಜನ ಏಳು ಸಾಲಿನ ಕೀಬೋರ್ಡ್ ಅನ್ನೋದು. ಪ್ರತಿ ವರ್ಷ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ, ಆಮೇಲೆ ಬಾರ್ಸಿಲೋನಾದಲ್ಲಿ ನಡೆಯೋ ತಂತ್ರಜ್ಞಾನ ಮೇಳಗಳಲ್ಲಿ ಹೊಸ ಮಾಡೆಲ್‌ಗಳು ಬರೋ ಹೊತ್ತಿಗೆ ಥಿಂಕ್‌ಪ್ಯಾಡ್ ಹಚ್ಚಿಕೊಂಡವರೆಲ್ಲ ಒಂದು ಪಟ್ಟಿ ಮಾಡ್ತಾರೆ, ಈ ಸಲ ಇದು ಬರಬಹುದು, ಅದು ಬರಬೇಕು ಅಂತ. ಆ ಪಟ್ಟಿ ನೋಡಿದ್ರೆ ಒಂದು ಕಾಣತ್ತೆ, ಅದರಲ್ಲಿ ಮುಕ್ಕಾಲು ಭಾಗ ಹೊಸದಲ್ಲ, ಹಿಂದೆ ಇದ್ದು ಕಿತ್ಕೊಂಡಿದ್ದು. ಯಾವುದನ್ನ ಯಾಕೆ ಕಿತ್ರು, ಯಾವುದು ವಾಪಸ್ ಬಂತು, ಅನ್ನೋದು ತಿಳಿದ್ರೆ ಮುಂದೆ ಏನು ಬರಬಹುದು ಅಂತ ಸ್ವಲ್ಪ ಗಟ್ಟಿಯಾಗೇ ಹೇಳಬಹುದು ಅಂತ ನನಗನ್ಸತ್ತೆ, ಅದಕ್ಕೇ ಇಷ್ಟು ಬರೀತಿರೋದು.

ಮೊದಲಿಂದ ಹೇಳ್ತೀನಿ. 1992ರ ಅಕ್ಟೋಬರ್‌ನಲ್ಲಿ ಐಬಿಎಂ ಕಂಪನಿ ಥಿಂಕ್‌ಪ್ಯಾಡ್ 700ಸಿ ಅಂತ ಒಂದು ಲ್ಯಾಪ್‌ಟಾಪ್ ತಂತು, 10.4 ಇಂಚಿನ ಬಣ್ಣದ ಪರದೆ, ಬೆಲೆ 4,350 ಡಾಲರ್. ಡಿಸೈನ್ ಮಾಡಿದ್ದು ರಿಚರ್ಡ್ ಸಾಪ್ಪರ್, ಜಪಾನಿನ ಬೆಂಟೋ ಊಟದ ಡಬ್ಬಿ ನೋಡಿ ಈ ಆಕಾರ ಹೊಳೀತು ಅಂತಾರೆ, ಹೊರಗೆ ಸಾದಾ ಕಪ್ಪು ಡಬ್ಬಿ, ಮುಚ್ಚಳ ತೆಗೆದ್ರೆ ಒಳಗೆ ಎಲ್ಲ ಅಚ್ಚುಕಟ್ಟು. ಇಂಜಿನಿಯರಿಂಗ್ ನಡೆದಿದ್ದು ಜಪಾನಿನ ಯಮಾಟೋ ಲ್ಯಾಬಲ್ಲಿ, ಅಲ್ಲಿ ಮುಂದಾಳು ಅರಿಮಾಸಾ ನೈಟೋ. ಕೀಬೋರ್ಡ್ ಮಧ್ಯದ ಕೆಂಪು ಚುಕ್ಕೆ, ಅಂದ್ರೆ ಬೆರಳಿಂದ ತಳ್ಳಿ ಕರ್ಸರ್ ಓಡಿಸೋ ಟ್ರ್ಯಾಕ್‌ಪಾಯಿಂಟ್, ಟೆಡ್ ಸೆಲ್ಕರ್ ಕಂಡುಹಿಡಿದಿದ್ದು. ಟೈಪ್ ಮಾಡೋ ಕೈ ಮೌಸ್‌ಗೆ ಹೋಗಿ ಬರೋದ್ರಲ್ಲೇ ಎಷ್ಟು ಹೊತ್ತು ಹಾಳು ಅನ್ನೋದೇ ಅವರ ತಲೇಲಿದ್ದ ಪ್ರಶ್ನೆ. ಅದಕ್ಕೆ ಕೆಂಪು ಬಣ್ಣ ಬರೋದಕ್ಕೂ ಒಂದು ಜಗಳ ಆಗಿತ್ತು, ಐಬಿಎಂ ನಿಯಮದ ಪ್ರಕಾರ ಕೆಂಪು ಬರೀ ತುರ್ತಾಗಿ ಪವರ್ ಆಫ್ ಮಾಡೋ ಗುಂಡಿಗೆ ಮೀಸಲು, ಆಮೇಲೆ ಇದನ್ನ ಕೆಂಪಲ್ಲ ಮಜೆಂಟಾ ಅಂತ ಕಾಗದದಲ್ಲಿ ಬರೆದು ಪಾಸ್ ಮಾಡಿಸಿಕೊಂಡ್ರು.

2004ರ ಡಿಸೆಂಬರ್‌ನಲ್ಲಿ ಐಬಿಎಂ ತನ್ನ ಪಿಸಿ ವಿಭಾಗನ ಲೆನೊವೊಗೆ ಮಾರ್ತೀವಿ ಅಂತ ಹೇಳ್ತು, 2005ರ ಮೇನಲ್ಲಿ ಕೈ ಬದಲಾಯ್ತು. ಎಲ್ಲ ಹಾಳಾಗತ್ತೆ ಅಂತ ಹೆದರಿಕೊಂಡವರು ಬಹಳ ಜನ. ಆದ್ರೆ ಯಮಾಟೋ ತಂಡ ಹಾಗೇ ಉಳೀತು, ಮೊದಲ ಕೆಲವು ವರ್ಷ ಕೆಟ್ಟದ್ದೇನೂ ಆಗ್ಲಿಲ್ಲ. ನಾನು ಹೇಳಿದ ಆ ದೊಡ್ಡ ಡಿಲೀಟ್ ಕೀ ಇದೆಯಲ್ಲ, ಅದು ಲೆನೊವೊ ಕಾಲದ್ದೇ, 2009ರ ಟಿ400ಎಸ್‌ನಲ್ಲಿ ಮೊದಲು ಬಂದಿದ್ದು. ಜನ ಯಾವ ಕೀ ಎಷ್ಟು ಸಲ ಒತ್ತುತ್ತಾರೆ ಅಂತ ಲೆಕ್ಕ ಹಾಕಿ ನೋಡಿದಾಗ ಎಸ್ಕೇಪ್ ಮತ್ತು ಡಿಲೀಟ್ ಇರೋ ಗಾತ್ರಕ್ಕೆ ಹೋಲಿಸಿದ್ರೆ ತುಂಬಾ ಬಳಕೆಯಾಗ್ತಿದ್ವು, ಅದಕ್ಕೇ ಎರಡನ್ನೂ ದೊಡ್ಡದು ಮಾಡಿದ್ರು.

ಪೆಟ್ಟು ಬಿದ್ದಿದ್ದು ಪರದೆಯಿಂದ. ಕೀಬೋರ್ಡ್ ಕಥೆಯಲ್ಲಿ ಪರದೆ ಯಾಕೆ ಬಂತು ಅಂದ್ರೆ, ಲ್ಯಾಪ್‌ಟಾಪಿನ ಮುಚ್ಚಳ ಎಷ್ಟು ಎತ್ತರವೋ ಕೆಳಗಿನ ಭಾಗ ಅಷ್ಟೇ ಆಳ. ಪರದೆಯ ಅಗಲಕ್ಕೂ ಎತ್ತರಕ್ಕೂ ಇರೋ ಅನುಪಾತ ಹಳೇದು 4:3, ಆಮೇಲೆ 16:10, ಅಲ್ಲಿವರೆಗೂ ಕೀಬೋರ್ಡ್‌ಗೆ ಏಳು ಸಾಲು ಹಾಕಿ ಕೈ ಊರೋಕೂ ಜಾಗ ಇತ್ತು. ಆ ಹೊತ್ತಿಗೆ ಪ್ಯಾನೆಲ್ ಮಾಡೋ ಫ್ಯಾಕ್ಟರಿಗಳೆಲ್ಲ ಟಿವಿ ಆಕಾರಕ್ಕೆ, ಅಂದ್ರೆ 16:9ಕ್ಕೆ ಹೊರಳಿದ್ವು, ಒಂದು ದೊಡ್ಡ ಗಾಜಿನ ಹಾಳೆಯಿಂದ ಹೆಚ್ಚು ತುಂಡು ಕಡಿಮೆ ವೇಸ್ಟ್. 2011ರಲ್ಲಿ ಟಿ420, ಎಕ್ಸ್220 ಎರಡೂ 16:9 ಆದ್ವು. ನನ್ನ ಎಕ್ಸ್220 ತೆಗೆದು ನೋಡಿದ್ರೆ ಆ ಇಕ್ಕಟ್ಟು ಕಣ್ಣಿಗೇ ಕಾಣತ್ತೆ, 1366 ಬೈ 768ರ ಗಿಡ್ಡ ಪರದೆ, ಅದಕ್ಕೆ ತಕ್ಕಂತೆ ಗಿಡ್ಡ ಕೆಳಭಾಗ, ಏಳು ಸಾಲು ಉಳಿಸಿಕೊಳ್ಳೋಕೆ ಹೋಗಿ ಟಚ್‌ಪ್ಯಾಡು ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಟಚ್‌ಪ್ಯಾಡಲ್ಲಿ ಎರಡು ಬೆರಳು ಮೂರು ಬೆರಳು ಆಡಿಸೋ ಕಾಲ ಬರ್ತಿತ್ತು, ಯಾರಾದ್ರೂ ಜಾಗ ಬಿಡಲೇಬೇಕಿತ್ತು. 2012ರಲ್ಲಿ ಟಿ430, ಎಕ್ಸ್230 ಬಂದಾಗ ಒಂದು ಸಾಲು ಹೋಗಿ ಆರೇ ಸಾಲು ಉಳೀತು, ಕೀಗಳೂ ಬಿಡಿಬಿಡಿ ದ್ವೀಪದ ಥರ ಆದ್ವು.

ಎಕ್ಸ್230ರ ಚೌಕಟ್ಟು ಬಹುಮಟ್ಟಿಗೆ ಎಕ್ಸ್220ರದ್ದೇ. ಅದಕ್ಕೇ ಹಳೇ ಕೀಬೋರ್ಡ್ ತೆಗೆದು ಹೊಸದಕ್ಕೆ ಕೂರಿಸೋರು ಹುಟ್ಟಿಕೊಂಡ್ರು. ಕೆಳಗಿನ ಸ್ಕ್ರೂ ಬಿಚ್ಚಬೇಕು (ಯಾವ ಸ್ಕ್ರೂ ಕೀಬೋರ್ಡಿಂದು ಅಂತ ಪಕ್ಕದಲ್ಲೇ ಪುಟ್ಟ ಚಿತ್ರ ಇರತ್ತೆ), ಪ್ಲಾಸ್ಟಿಕ್ ಅಂಚನ್ನ ಅರ ಹಾಕಿ ಸ್ವಲ್ಪ ಉಜ್ಜಬೇಕು, ಕನೆಕ್ಟರಿನ ಕೆಲವು ಪಿನ್ ಮೇಲೆ ಟೇಪ್ ಅಂಟಿಸಬೇಕು, ಆಮೇಲೆ ಒಳಗಿನ ಫರ್ಮ್‌ವೇರ್ (ಯಂತ್ರದ ಚಿಪ್‌ನಲ್ಲೇ ಇರೋ ಮೂಲ ಸಾಫ್ಟ್‌ವೇರ್) ತಿದ್ದಿದ್ರೇನೇ ಎಲ್ಲ ಕೀ ಸರಿಯಾಗಿ ಕೆಲಸ ಮಾಡೋದು. ಒಂದು ಡಿಲೀಟ್ ಕೀಗೆ, ನಾಲ್ಕು ನ್ಯಾವಿಗೇಷನ್ ಕೀಗೆ ಜನ ಇಷ್ಟು ಕಷ್ಟಪಟ್ರು ಅಂದ್ರೆ ಅದನ್ನ ಬರೀ ಹಳೇದರ ಮೋಹ ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ, ದಿನಕ್ಕೆ ಎಂಟು ಗಂಟೆ ಕೈ ಇಡೋ ಜಾಗ ಅದು. ಚೀನಾದಲ್ಲಿ 51ಎನ್‌ಬಿ ಅನ್ನೋ ಹವ್ಯಾಸಿಗಳ ಗುಂಪು ಇನ್ನೂ ಮುಂದೆ ಹೋಯ್ತು, ಹಳೇ ಎಕ್ಸ್61, ಎಕ್ಸ್200 ಡಬ್ಬಿಯೊಳಗೆ ಕೂರೋ ಹಾಗೆ ಹೊಸ ಪ್ರೊಸೆಸರಿನ ಮದರ್‌ಬೋರ್ಡನ್ನೇ ತಾವೇ ಮಾಡಿ ಮಾರಿದ್ರು.

ಈಗ ಕಂಪನಿ ಮಾತು ಕೇಳಿದ ಎರಡು ಸಂದರ್ಭ ನೋಡಿ. 2013ರ ಕೊನೆಗೆ ಟಿ440 ಸರಣಿಯಲ್ಲಿ ಟ್ರ್ಯಾಕ್‌ಪಾಯಿಂಟ್‌ನ ಮೂರು ಕ್ಲಿಕ್ ಗುಂಡಿ ತೆಗೆದು ಇಡೀ ಟಚ್‌ಪ್ಯಾಡೇ ಕೆಳಗೆ ಒತ್ತೋ ಹಾಗೆ ಮಾಡಿದ್ರು. 2014ರ ಎಕ್ಸ್1 ಕಾರ್ಬನ್‌ನಲ್ಲಿ ಎಫ್1, ಎಫ್2 ಕೀಗಳ ಸಾಲನ್ನೇ ತೆಗೆದು ಮುಟ್ಟಿದ್ರೆ ಬದಲಾಗೋ ಒಂದು ಪಟ್ಟಿ ಹಾಕಿದ್ರು. ಎರಡಕ್ಕೂ ಬೈಗುಳ ಬಿತ್ತು, 2015ರಲ್ಲಿ ಟಿ450, ಎಕ್ಸ್250ಗೆ ಗುಂಡಿಗಳು ವಾಪಸ್, ಎಕ್ಸ್1 ಕಾರ್ಬನ್‌ಗೆ ನಿಜವಾದ ಕೀಗಳು ವಾಪಸ್. ಅದೇ ವರ್ಷ ಡಿಸೈನ್ ಮುಖ್ಯಸ್ಥ ಡೇವಿಡ್ ಹಿಲ್ ಒಂದು ಹಳೇ ಶೈಲಿಯ ಥಿಂಕ್‌ಪ್ಯಾಡ್ ಮಾಡಿದ್ರೆ ಹೇಗೆ ಅಂತ ಜನರನ್ನೇ ಕೇಳಿದ್ರು, ಸಮೀಕ್ಷೆ ಮೇಲೆ ಸಮೀಕ್ಷೆ ಮಾಡಿದ್ರು. ಅದರ ಫಲ 2017ರ ಅಕ್ಟೋಬರ್‌ನ ಥಿಂಕ್‌ಪ್ಯಾಡ್ 25, ಏಳು ಸಾಲಿನ ಕೀಬೋರ್ಡ್ ಇತ್ತು, ಆದ್ರೆ ಒಳಗೆ ಅದೇ ವರ್ಷದ ಟಿ470, ಅಮೆರಿಕದಲ್ಲಿ ಬೆಲೆ 1,899 ಡಾಲರ್, ಸೀಮಿತ ಸಂಖ್ಯೆ, ಅಲ್ಲಿಗೆ ಮುಗೀತು. ಮುಂದಿನ ಮಾಡೆಲ್ ಬರಲೇ ಇಲ್ಲ.

ಇಲ್ಲೇ ನನಗೆ ಒಂದು ಸೂತ್ರ ಸಿಕ್ಕಿದ್ದು. ಗುಂಡಿಗಳು ವಾಪಸ್ ಬಂದ್ವು, ಯಾಕಂದ್ರೆ ಅವು ಹೋಗಿದ್ದಕ್ಕೆ ಜಾಗದ ಕೊರತೆ ಕಾರಣ ಆಗಿರ್ಲಿಲ್ಲ, ವಾಪಸ್ ಹಾಕೋಕೆ ದೊಡ್ಡ ಖರ್ಚೂ ಇರ್ಲಿಲ್ಲ. ಏಳನೇ ಸಾಲು ಹಾಗಲ್ಲ, ಅದಕ್ಕೆ ಜಾಗ ಬೇಕು. 16:10 ಪರದೆ ವಾಪಸ್ ಬಂತು, 2021ರ ಎಕ್ಸ್1 ಕಾರ್ಬನ್‌ಗೆ, 2022ರ ಟಿ14ಗೆ, ಆದ್ರೆ ಅದು ಬಂದಿದ್ದು ಬರೀ ನಮ್ಮ ಕೂಗಿಗಲ್ಲ, ಉಳಿದ ಕಂಪನಿಗಳೂ ಎತ್ತರದ ಪರದೆಗೆ ಹೊರಳಿ ಪ್ಯಾನೆಲ್ ಸುಲಭವಾಗಿ ಸಿಗೋ ಹಾಗಾದ್ಮೇಲೆ. ಪರದೆ ಎತ್ತರ ಆದ್ಮೇಲೆ ಕೆಳಗೆ ಸಿಕ್ಕ ಜಾಗವಾದ್ರೂ ಕೀಬೋರ್ಡ್‌ಗೆ ಹೋಯ್ತಾ ಅಂದ್ರೆ ಇಲ್ಲ, ದೊಡ್ಡ ಟಚ್‌ಪ್ಯಾಡ್‌ಗೆ ಹೋಯ್ತು.

ಕೀಬೋರ್ಡ್ ಆದ್ಮೇಲೆ ಪಟ್ಟಿಯಲ್ಲಿ ಬರೋದು ಬ್ಯಾಟರಿ, ಮತ್ತೆ ರ‍್ಯಾಮ್ ಅಂದ್ರೆ ಮೆಮೊರಿ. ಇದಕ್ಕೆ ಬೆಂಗಳೂರಿನ ಎಸ್ಪಿ ರೋಡಿಗೆ ಹೋಗಬೇಕು. ಐಟಿ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್‌ಗಳು ಅಲ್ಲಿಗೆ ಬಂದು ಸೇರ್ತವೆ, ಇಂಜಿನಿಯರಿಂಗ್ ಓದೋ ಹುಡುಗರು, ಡಿಟಿಪಿ ಮಾಡೋರು, ಸಣ್ಣ ಆಫೀಸಿನವರು ಅಲ್ಲಿಂದ ತಗೊಂಡು ಹೋಗ್ತಾರೆ. ನಾನು ಹೋದಾಗ ಅಂಗಡಿಯ ಹುಡುಗ ಒಂದು ಟಿ480 ತಗೊಂಡು ಮಾತಾಡ್ತಾ ಮಾತಾಡ್ತಾನೇ ಹಿಂದಿನ ಬ್ಯಾಟರಿಯ ಚಿಲಕ ಸರಿಸಿ ಹೊರಗೆ ಎಳೆದ, ಪರದೆ ಆರಲಿಲ್ಲ, ನಾನು ತೆರೆದಿದ್ದ ಫೈಲ್ ಹಾಗೇ ಇತ್ತು, ಇನ್ನೊಂದು ಬ್ಯಾಟರಿ ತಳ್ಳಿದ, ಟಕ್ ಅಂತ ಕೂತ್ಕೊಳ್ತು. ಒಳಗೆ 24 ವಾಟ್-ಗಂಟೆ ಸಾಮರ್ಥ್ಯದ ಇನ್ನೊಂದು ಬ್ಯಾಟರಿ ಇರೋದ್ರಿಂದ ಇದು ಸಾಧ್ಯ, ಹೊರಗಿನದ್ದು 72ರವರೆಗೂ ಸಿಗ್ತಿತ್ತು. ದಿನಾ ಕರೆಂಟ್ ಹೋಗೋ ಊರಲ್ಲಿ ಕೂತು ಕೆಲಸ ಮಾಡೋರಿಗೆ ಇದರ ಬೆಲೆ ಗೊತ್ತು. ಹಿಂದಿನ ಮುಚ್ಚಳ ತೆಗೆದ್ರೆ ಎರಡು ರ‍್ಯಾಮ್ ಸ್ಲಾಟ್, ಒಂದು 8 ಜಿಬಿ ತೆಗೆದು 16 ಹಾಕಿ ಅಂದ್ರೆ ಅಲ್ಲೇ ನಿಂತಿರೋವಾಗಲೇ ಹಾಕಿಕೊಡ್ತಾರೆ.

ಟಿ480 ಬಂದಿದ್ದು 2018ರಲ್ಲಿ. 2019ರ ಟಿ490ರಲ್ಲಿ ಹೊರಗಿನ ಬ್ಯಾಟರಿ ಇಲ್ಲ, ರ‍್ಯಾಮ್ ಸ್ಲಾಟ್ ಒಂದೇ, ಉಳಿದ ರ‍್ಯಾಮ್ ಬೋರ್ಡಿಗೇ ಸೋಲ್ಡರ್, ಅಂದ್ರೆ ಬೆಸುಗೆ. ತೆಳ್ಳಗೆ ಮಾಡೋ ಹುಚ್ಚು ಒಂದು ಕಾರಣ, ಅದೊಂದೇ ಅಲ್ಲ. ಕರೆಂಟ್ ಕಡಿಮೆ ತಿನ್ನೋ ಎಲ್‌ಪಿಡಿಡಿಆರ್ ಮೆಮೊರಿಗೆ ಪ್ರೊಸೆಸರಿಂದ ದಾರಿ ಚಿಕ್ಕದಿರಬೇಕು, ಸ್ಲಾಟ್ ಹಾಕಿದ್ರೆ ದಾರಿ ಉದ್ದ ಆಗಿ ಆ ವೇಗದಲ್ಲಿ ಸಿಗ್ನಲ್ ಕೆಡತ್ತೆ. 2024ರಲ್ಲಿ ಇಂಟೆಲ್‌ನ ಲೂನಾರ್ ಲೇಕ್ ಅನ್ನೋ ಪ್ರೊಸೆಸರಿನಲ್ಲಂತೂ ಮೆಮೊರಿ ಪ್ರೊಸೆಸರ್ ಪ್ಯಾಕೇಜಿಗೇ ಸೇರಿಹೋಯ್ತು, ತಗೊಳ್ಳೋವಾಗ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ಟಿ480ಗೆ ಇವತ್ತಿಗೂ ಬೇಡಿಕೆ ಇರೋದಕ್ಕೆ ಇನ್ನೊಂದು ಕಾರಣ ವಿಂಡೋಸ್ 10, ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11ಗೆ ಅಧಿಕೃತವಾಗಿ ಇಂಟೆಲ್ ಎಂಟನೇ ಪೀಳಿಗೆಯಿಂದ ಮೇಲೆ ಬೇಕು, ಟಿ470ಗೆ ಅದಿಲ್ಲ, ಟಿ480ಗೆ ಇದೆ. ಹಳೇ ಸೌಕರ್ಯ ಹೊಸ ವಿಂಡೋಸ್ ಎರಡೂ ಸಿಗೋ ಕೊನೇ ಮೆಟ್ಟಿಲು ಅದು.

ಈ ವಿಷಯದಲ್ಲಿ ಮಾತ್ರ ನನಗೆ ಮುಂದಿನ ಬಗ್ಗೆ ನಿಜವಾಗ್ಲೂ ಭರವಸೆ ಇದೆ. 2024ರಲ್ಲಿ ಬಂದ ಟಿ14 ಐದನೇ ಪೀಳಿಗೆಯನ್ನ ಲೆನೊವೊ ಐಫಿಕ್ಸಿಟ್ (ಸಾಧನ ಬಿಚ್ಚಿ ನೋಡಿ ರಿಪೇರಿಗೆ ಅಂಕ ಕೊಡೋ ಕಂಪನಿ) ಜೊತೆ ಕೂತು ಮಾಡ್ತು, ಎರಡು ರ‍್ಯಾಮ್ ಸ್ಲಾಟ್ ವಾಪಸ್, ಬ್ಯಾಟರಿ ನಾವೇ ಬದಲಾಯಿಸಬಹುದು, ರಿಪೇರಿ ಅಂಕ ಹತ್ತಕ್ಕೆ ಒಂಬತ್ತು. ಅದೇ ವರ್ಷ ಥಿಂಕ್‌ಪ್ಯಾಡ್ ಪಿ1 ಏಳನೇ ಪೀಳಿಗೆಯಲ್ಲಿ ಎಲ್‌ಪಿಕ್ಯಾಮ್2 ಅನ್ನೋ ಹೊಸ ಥರದ ಮೆಮೊರಿ ಬಂತು, ಬೋರ್ಡ್ ಮೇಲೆ ಚಪ್ಪಟೆಯಾಗಿ ಮಲಗಿಸಿ ಸ್ಕ್ರೂ ಬಿಗಿಯೋದು, ದಾರಿ ಚಿಕ್ಕದಾಗೇ ಇರತ್ತೆ, ಬೇಕಾದಾಗ ಬಿಚ್ಚಬಹುದು. ಸೋಲ್ಡರ್ ಮಾಡೋದಕ್ಕೆ ಇದ್ದ ತಾಂತ್ರಿಕ ನೆಪಕ್ಕೆ ಇದೇ ಉತ್ತರ. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಬಾಚಿಕೊಂಡು ರ‍್ಯಾಮ್ ಬೆಲೆ ಏರಿದ್ಮೇಲೆ ಈಗ ಕಡಿಮೆ ತಗೊಂಡು ಆಮೇಲೆ ಹಾಕಿಸಿಕೊಳ್ಳೋ ಸೌಕರ್ಯದ ಬೆಲೆ ಇನ್ನೂ ಜಾಸ್ತಿ ಆಗಿದೆ.

ಜೊತೆಗೆ ಕಾನೂನು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಇಂಥ ಸಾಧನಗಳ ಬ್ಯಾಟರಿಯನ್ನ ಬಳಸೋರೇ ತೆಗೆದು ಹಾಕೋ ಹಾಗಿರಬೇಕು. ಒಂದೇ ಮಾಡೆಲ್‌ನ ಯುರೋಪಿಗೊಂದು ಥರ ಭಾರತಕ್ಕೊಂದು ಥರ ಮಾಡೋದು ಯಾವ ಕಂಪನಿಗೂ ಗಿಟ್ಟಲ್ಲ, ಹಾಗಾಗಿ ಅಲ್ಲಿನ ಕಾನೂನಿನ ಫಲ ಎಸ್ಪಿ ರೋಡಿಗೂ ನಾಲ್ಕೈದು ವರ್ಷಕ್ಕೆ ಬಂದು ತಲುಪತ್ತೆ.

ಹಾಗಾದ್ರೆ ಮುಂದಿನ ಎರಡು ಮೂರು ಪೀಳಿಗೆಯಲ್ಲಿ ಏನಾಗಬಹುದು? ನನ್ನ ಅಂದಾಜು ಹೇಳ್ತೀನಿ. ಬಿಚ್ಚೋಕಾಗೋ ಮೆಮೊರಿ ಟಿ ಸರಣಿಯಲ್ಲಿ ಉಳಿಯತ್ತೆ, ಮೇಲಿನ ದುಬಾರಿ ಮಾಡೆಲ್‌ಗಳಿಗೆ ಎಲ್‌ಪಿಕ್ಯಾಮ್2 ನಿಧಾನಕ್ಕೆ ಹಬ್ಬತ್ತೆ. ಬ್ಯಾಟರಿ ಸ್ಕ್ರೂ ಬಿಚ್ಚಿ ಬದಲಾಯಿಸೋ ಥರ ಎಲ್ಲದರಲ್ಲೂ ಬರತ್ತೆ, ಆದ್ರೆ ಆನ್ ಇರೋವಾಗಲೇ ಎಳೆದು ಹಾಕೋ ಟಿ480 ಥರದ್ದು ಬರಲ್ಲ, ಅದು ಬೇಕು ಅಂತ ನನಗೆ ಎಷ್ಟೇ ಆಸೆ ಇದ್ರೂ. ಕೆಂಪು ಚುಕ್ಕೆಯದ್ದೇ ಭಯ. 2025ರ ಜನವರಿಯಲ್ಲಿ ಬಂದ ಎಕ್ಸ್9ರಲ್ಲಿ ಟ್ರ್ಯಾಕ್‌ಪಾಯಿಂಟೇ ಇಲ್ಲ, ಥಿಂಕ್‌ಪ್ಯಾಡ್ ಅನ್ನೋ ಹೆಸರು ಮಾತ್ರ ಇದೆ. ಟಿ ಮತ್ತು ಎಕ್ಸ್1ರಿಂದ ಅದನ್ನ ಸದ್ಯಕ್ಕೆ ತೆಗೆಯಲ್ಲ ಅಂದ್ಕೊಂಡಿದೀನಿ, ತೆಗೆಯೋ ದಿನ ನನ್ನಂಥವರಿಗೆ ತುಂಬಾ ಬೇಜಾರಿನ ದಿನ.

ಏಳು ಸಾಲಿನ ಕೀಬೋರ್ಡ್ ಸಾಮಾನ್ಯ ಮಾಡೆಲ್‌ನಲ್ಲಿ ವಾಪಸ್ ಬರಲ್ಲ. 2042ರಲ್ಲಿ ಐವತ್ತು ವರ್ಷ ತುಂಬಿದಾಗ ಇನ್ನೊಂದು ನೆನಪಿನ ಆವೃತ್ತಿ ಬಂದ್ರೂ ಬರಬಹುದು, ಅಷ್ಟೇ. ಆದ್ರೆ ಆರೇ ಸಾಲಿನಲ್ಲೂ ಡಿಲೀಟ್ ಕೀಯನ್ನ ದೊಡ್ಡದು ಮಾಡಿ ಮೂಲೆಯಲ್ಲಿ ಕೈಗೆ ಸಿಗೋ ಹಾಗೆ ಇಡಬಹುದು, ಅದಕ್ಕೆ ಹೊಸ ಸಾಲೇನೂ ಬೇಡ. ಒಂದೊಂದು ಆರ್ಡರಿಗೆ ನೂರಾರು ಲ್ಯಾಪ್‌ಟಾಪ್ ತಗೊಳ್ಳೋ ಆಫೀಸಿನವರು ಕೇಳಿದ್ರೆ ಲೆನೊವೊ ಕಿವಿಗೊಡತ್ತೆ, ಅವರ ಇಂಡಿಯಾ ಮುಖ್ಯ ಕಚೇರಿ ಇರೋದೂ ಬೆಂಗಳೂರಲ್ಲೇ. ನಿಮ್ಮ ಆಫೀಸಲ್ಲಿ ಲ್ಯಾಪ್‌ಟಾಪ್ ಆರ್ಡರ್ ಮಾಡೋರು ಯಾರು ಅಂತ ಗೊತ್ತಿದ್ರೆ ಮುಂದಿನ ಆರ್ಡರಿಗೆ ಮುಂಚೆ ಮೂರು ವಿಷಯ ಕೇಳಿಸಿ: ರ‍್ಯಾಮ್ ಬಿಚ್ಚೋಕಾಗತ್ತಾ, ಬ್ಯಾಟರಿ ನಾವೇ ಹಾಕಬಹುದಾ, ಡಿಲೀಟ್ ಕೀ ಎಲ್ಲಿದೆ.