ಜೆಡಿಗೆ ಕೊಟ್ಟ ಜಮೀನು: ಆದಾಯ ಬಂದದ್ದು ಯಾವ ವರ್ಷ?

ದಾವಣಗೆರೆ ಸುತ್ತ ಶಾಮನೂರು, ಬಾತಿ, ಹದಡಿ ರಸ್ತೆ ಕಡೆ ಹೊಸ ಲೇಔಟ್ ಯಾರದ್ದು ಎಂದು ವಿಚಾರಿಸಿದರೆ ಬಹಳ ಸಲ ಎರಡು ಹೆಸರು ಸಿಗುತ್ತವೆ. ಜಮೀನಿನ ಮಾಲೀಕರು ಅದನ್ನು ‘ಜೆಡಿಗೆ ಕೊಟ್ಟಿದ್ದಾರೆ’, ಅಂದರೆ ಜಾಯಿಂಟ್ ಡೆವಲಪ್‌ಮೆಂಟ್ ಕರಾರಿಗೆ. ಡೆವಲಪರ್ ಅಲಿನೇಷನ್ (ಕೃಷಿಯೇತರ ಬಳಕೆಗೆ ಭೂಪರಿವರ್ತನೆ) ಮಾಡಿಸಿ, ನಗರಾಭಿವೃದ್ಧಿ ಪ್ರಾಧಿಕಾರ ದೂಡಾದ ಅನುಮೋದನೆ ತಂದು, ರಸ್ತೆ, ಚರಂಡಿ, ಕರೆಂಟು ಹಾಕಿಸುತ್ತಾರೆ. ಆಮೇಲೆ ಸೈಟುಗಳಲ್ಲಿ ಫಿಫ್ಟಿ-ಫಿಫ್ಟಿಯೋ, ಅರವತ್ತು-ನಲವತ್ತೋ ಪಾಲು. ಗದ್ದೆಯನ್ನು ಪಾಲಿಗೆ ಕೊಟ್ಟ ಹಾಗೇ, ಅಲ್ವಾ? ಹಂಚಿಕೆ ಹಾಗೇ. ಲೆಕ್ಕ ಮಾತ್ರ ಹಾಗಲ್ಲ. ಭತ್ತ ಕಣಕ್ಕೆ ಬಂದ ದಿನ ಎಲ್ಲರಿಗೂ ಗೊತ್ತಿರುತ್ತದೆ. ಜೆಡಿಯಲ್ಲಿ ಮಾಲೀಕರಿಗೆ ಆದಾಯ ಬಂದದ್ದು ಯಾವಾಗ? ಕರಾರಿಗೆ ಸಹಿ ಹಾಕಿದಾಗಲೋ, ಜಮೀನು ಬಿಟ್ಟುಕೊಟ್ಟಾಗಲೋ, ಸೈಟು ಕೈಗೆ ಬಂದಾಗಲೋ? ಈ ಒಂದು ತಾರೀಖಿನ ಮೇಲೆ ಮೂವತ್ತು ವರ್ಷ ಜಗಳ ನಡೆದಿದೆ.

ಪಾಲುದಾರಿಕೆ ಈ ಊರಿಗೆ ಹೊಸದಲ್ಲ. ಹತ್ತಿ ವ್ಯಾಪಾರ, ಮಂಡಿಪೇಟೆಯ ದಲ್ಲಾಳಿ ಅಂಗಡಿ, ಎಲ್ಲ ಕಡೆ ಪಾಲುದಾರರಿದ್ದರು. 1932ರ ಪಾಲುದಾರಿಕೆ ಕಾಯ್ದೆಯಡಿ ಫರ್ಮಿಗೆ ಒಂದೇ ಖಾತೆ ಪುಸ್ತಕ, ಲಾಭ ಪಾಲಿನ ಪ್ರಕಾರ. ಜಮೀನಿನ ವಿಷಯದಲ್ಲಿ ಜೆಡಿ ದಾರಿ ಹಿಡಿಯಲು ಬೇರೆ ಕಾರಣ ಇತ್ತು. ಭೂಸುಧಾರಣೆ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು 2020ರಲ್ಲಿ ರದ್ದಾಗುವವರೆಗೆ ಕೃಷಿ ಜಮೀನು ಕೊಳ್ಳಲು ಹೊರಗಿನ ಆದಾಯದ ಮಿತಿ ಇತ್ತು, ಫರ್ಮು-ಕಂಪನಿಗಳಿಗಂತೂ ಬಾಗಿಲೇ ಮುಚ್ಚಿತ್ತು. ಜೆಡಿಯಲ್ಲಿ ಪಹಣಿ ರೈತರ ಹೆಸರಲ್ಲೇ ಉಳಿಯುತ್ತದೆ. ಡೆವಲಪರ್‌ಗೆ ಜಮೀನಿಗಾಗಿ ಕೋಟಿಗಟ್ಟಲೆ ಸುರಿಯುವುದೂ ತಪ್ಪುತ್ತದೆ.

ಜಗಳ ಶುರುವಾದದ್ದು 1987ರ ಹಣಕಾಸು ಕಾಯ್ದೆಯಿಂದ. ಅದಕ್ಕೂ ಮೊದಲು 1985ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ಪಾಲುದಾರ ತನ್ನ ಆಸ್ತಿಯನ್ನು ಫರ್ಮಿಗೆ ತಂದರೆ ಅದು ವರ್ಗಾವಣೆಯೇ, ಆದರೆ ಬೆಲೆ ಇಷ್ಟೇ ಎಂದು ಹೇಳಲಾಗದು, ಹಾಗಾಗಿ ತೆರಿಗೆ ಹಾಕಲಾಗದು. ಸರ್ಕಾರ ಸುಮ್ನೆ ಇರಲಿಲ್ಲ. ಆದಾಯ ತೆರಿಗೆ ಕಾಯ್ದೆಗೆ 45(3) ಸೇರಿಸಿತು: ಫರ್ಮಿನ ಪುಸ್ತಕದಲ್ಲಿ ಬರೆದ ಮೊತ್ತವೇ ಮಾರಾಟದ ಬೆಲೆ. ಜೊತೆಗೆ ಇನ್ನೊಂದು ಸಾಲು ಬಂತು. ಕರಾರು ಮಾಡಿ ಸ್ವಾಧೀನ ಬಿಟ್ಟುಕೊಟ್ಟರೆ ಸಾಕು, ಕ್ರಯಪತ್ರ ಆಗದಿದ್ದರೂ ಅದು ವರ್ಗಾವಣೆ. ಎರಡೂ 1988ರ ಏಪ್ರಿಲ್ 1ರಿಂದ ಜಾರಿ.

ಈ ಎರಡನೇ ಸಾಲೇ ಜೆಡಿ ಕೊಟ್ಟವರ ಕುತ್ತಿಗೆಗೆ ಬಂತು. ನಾಲ್ಕು ಎಕರೆ ಇದೆ ಎಂದುಕೊಳ್ಳಿ. ರಸ್ತೆ, ಪಾರ್ಕು ಬಿಟ್ಟು ಎಕರೆಗೆ 30×40ರ ಸುಮಾರು 20 ಸೈಟು. ಒಟ್ಟು 80, ಮಾಲೀಕರ ಪಾಲು 40. ಜೆಸಿಬಿ ಒಳಗೆ ಬಂದ ವರ್ಷವೇ ತೆರಿಗೆ ಕಟ್ಟಿ ಎಂದರೆ? ಕೈಯಲ್ಲಿ ಸೈಟೂ ಇಲ್ಲ, ದುಡ್ಡೂ ಇಲ್ಲ. 2011ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಸ್ವಾಧೀನ ಕೊಟ್ಟ ವರ್ಷವನ್ನೇ ಹಿಡಿಯಿತು. ಕೃಷಿ ಜಮೀನಿಗೆ ತೆರಿಗೆ ಇಲ್ಲವಲ್ಲ ಎಂದು ಕೂತವರಿಗೂ ನೆಮ್ಮದಿ ಇರಲಿಲ್ಲ. ದಾವಣಗೆರೆಯಂಥ, ಒಂದು ಲಕ್ಷ ದಾಟಿ ಹತ್ತು ಲಕ್ಷದೊಳಗಿನ ಜನಸಂಖ್ಯೆಯ ಊರಲ್ಲಿ ಪಾಲಿಕೆ ಗಡಿಯಿಂದ 6 ಕಿ.ಮೀ. ಒಳಗಿನ ಹೊಲವೂ ಬಂಡವಾಳ ಆಸ್ತಿಯೇ, ಅಂದರೆ ವರ್ಗಾವಣೆಯ ಲಾಭಕ್ಕೆ ತೆರಿಗೆ ಉಂಟು.

ಪರಿಹಾರ ಬಂದದ್ದು 2017ರಲ್ಲಿ, ಅದೂ ಎರಡು ಕಡೆಯಿಂದ. ಆ ವರ್ಷದ ಬಜೆಟ್ 45(5ಎ) ಕಲಂ ತಂದಿತು. ನೋಂದಾಯಿತ ಜೆಡಿ ಇದ್ದರೆ, ಕೆಲಸ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ವರ್ಷ ತೆರಿಗೆ. ಲೆಕ್ಕಕ್ಕೆ ಹಿಡಿಯುವುದು ಆ ದಿನ ಮಾಲೀಕರ ಪಾಲಿಗೆ ಮುದ್ರಾಂಕ ಶುಲ್ಕ ಹಾಕಲು ಸರ್ಕಾರ ಹಿಡಿಯುವ ಬೆಲೆ, ಜೊತೆಗೆ ಪಡೆದ ನಗದು. ಆ ನಗದಿನ ಮೇಲೆ ಶೇ 10 ಟಿಡಿಎಸ್. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಒಂದು ಹೌಸಿಂಗ್ ಸೊಸೈಟಿ ಪ್ರಕರಣದಲ್ಲಿ ಇನ್ನೊಂದು ಗಂಟು ಬಿಚ್ಚಿತು: ನೋಂದಣಿ ಕಾನೂನಿನ 2001ರ ತಿದ್ದುಪಡಿಯ ನಂತರದ ಕರಾರು ನೋಂದಣಿಯಾಗಿರದಿದ್ದರೆ ಸ್ವಾಧೀನ ಕೊಟ್ಟದ್ದೊಂದರಿಂದಲೇ ವರ್ಗಾವಣೆ ಆಗದು.

ಹೊಸ ಕಲಂ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಕ್ಕೆ ಮಾತ್ರ. ಅಣ್ಣತಮ್ಮಂದಿರು ಅನುಕೂಲಕ್ಕೆಂದು ಫರ್ಮ್ ಮಾಡಿ ಜಮೀನನ್ನು ಅದಕ್ಕೆ ಹಾಕಿದರೆ, 45(3)ರ ತೆರಿಗೆಯೂ ಬೀಳುತ್ತದೆ, ಈ ರಿಯಾಯಿತಿಯೂ ಹೋಗುತ್ತದೆ. ನನ್ನ ಪ್ರಕಾರ ಇದು ಅಪಾರ್ಟ್‌ಮೆಂಟ್ ಕಣ್ಣೆದುರು ಇಟ್ಟುಕೊಂಡು ಬರೆದ ಕಾನೂನು. ಲೇಔಟಿನಲ್ಲಿ ‘ಪೂರ್ಣಗೊಂಡ’ ಕಾಗದ ಯಾವುದು ಎಂಬ ವಾದಕ್ಕೆ ಅಲ್ಲಿ ಜಾಗ ಉಳಿದಿದೆ.

ಡೆವಲಪರ್ ಪುಸ್ತಕದ ಕಥೆ ಬೇರೆ. ಲೆಕ್ಕ ಪರಿಶೋಧಕರ ಸಂಸ್ಥೆ ಐಸಿಎಐ 2012ರ ಮಾರ್ಗಸೂಚಿಯಲ್ಲಿ ಮೆಟ್ಟಿಲು ಹಾಕಿತ್ತು: ಎಲ್ಲ ಅನುಮೋದನೆ ಸಿಕ್ಕಿರಬೇಕು, ಜಮೀನಿನ ಬೆಲೆ ಬಿಟ್ಟು ಶೇ 25 ಖರ್ಚಾಗಿರಬೇಕು, ಶೇ 25 ಜಾಗಕ್ಕೆ ಕರಾರಾಗಿರಬೇಕು, ಪ್ರತಿ ಕರಾರಿನ ಶೇ 10 ಹಣ ಬಂದಿರಬೇಕು. ಆಮೇಲೆಯೇ ಕೆಲಸದ ಪ್ರಮಾಣಕ್ಕೆ ತಕ್ಕಂತೆ ಆದಾಯ ತೋರಿಸಬಹುದು. 2018ರ ಏಪ್ರಿಲ್‌ನಿಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡ ಬಂದು, ಆಸ್ತಿಯ ಹಿಡಿತ ಕೊಳ್ಳುವವರಿಗೆ ಯಾವಾಗ ಹೋಯಿತು ಎಂದು ನೋಡಲು ಹೇಳಿತು. ಆದರೆ ಅದು ದೊಡ್ಡ ಕಂಪನಿಗಳಿಗೆ. ಇಲ್ಲಿನ ಪಾಲುದಾರಿಕೆ ಫರ್ಮುಗಳಿಗೆ ಅಲ್ಲ.

ಫರ್ಮುಗಳನ್ನು ಮುಟ್ಟಿದ್ದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಕರ್ನಾಟಕದ ನಿಯಮ 2017ರ ಜುಲೈನಲ್ಲಿ ಬಂತು. ಗ್ರಾಹಕರ ಹಣದಲ್ಲಿ ಶೇ 70 ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಬೇಕು. ಅದನ್ನು ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಪ್ರಮಾಣಪತ್ರ ಬೇಕು. ಲೇಔಟ್ ಮಾಡುವವರು ಬೇರೆ, ಸೈಟು ಮಾರುವವರು ಬೇರೆ ಆಗಿದ್ದರೆ ಇಬ್ಬರೂ ಪ್ರವರ್ತಕರೇ. ತನ್ನ ಪಾಲಿನ ಸೈಟು ಮಾರುವ ರೈತರೂ ಈ ಹೊಣೆಗೆ ಸಿಕ್ಕಿಕೊಳ್ಳುತ್ತಾರೆ.

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಬಂದು ಕಲಂ ನಂಬರುಗಳು ಬದಲಾಗಿವೆ. ಇನ್ನು ಮಗಳ ಮದುವೆಗೆಂದು ಪ್ರಮಾಣಪತ್ರ ಬರುವ ಮೊದಲೇ ತಮ್ಮ ಪಾಲನ್ನು ಮಾರಿದವರ ಮಾತು. ಹಳೆಯ 45(5ಎ) ಪ್ರಕಾರ ಅವರಿಗೆ ರಿಯಾಯಿತಿಯೇ ಇಲ್ಲ, ಪಾಲು ಮಾರಿದ ವರ್ಷವೇ ತೆರಿಗೆ.