ಖಾಸಗಿ ಶಾಲೆಗೆ ಕಡತ, ಸರ್ಕಾರಿ ಶಾಲೆಗೆ ಬಕೆಟ್

2004ರ ಜುಲೈ 16ರ ಬೆಳಗ್ಗೆ ತಮಿಳುನಾಡಿನ ಕುಂಭಕೋಣಂನಲ್ಲಿ ಬಿಸಿಯೂಟದ ಅಡುಗೆಕೋಣೆಯ ಸೋಗೆಗೆ ಬೆಂಕಿ ಹತ್ತಿತು. ಖಾಸಗಿ ಆಡಳಿತದ ಆ ಒಂದೇ ಕಟ್ಟಡದಲ್ಲಿ ಮೂರು ಶಾಲೆ ನಡೆಯುತ್ತಿದ್ದವು. ಮಹಡಿಯ ತರಗತಿಗೂ ಸೋಗೆಯೇ ಸೂರು, ಇಳಿಯಲು ಇಕ್ಕಟ್ಟಿನ ಮೆಟ್ಟಿಲು. 94 ಮಕ್ಕಳು ತೀರಿಕೊಂಡರು.

ಇವತ್ತು ಖಾಸಗಿ ಶಾಲೆಗಳ ಗೋಡೆಯಲ್ಲಿ ನೇತಾಡುವ ಕೆಂಪು ಸಿಲಿಂಡರಿನ ಕಥೆಯಲ್ಲಿ ಈ ಬೆಂಕಿಗೆ ದೊಡ್ಡ ಪಾಲಿದೆ. ದುರಂತದ ಬೆನ್ನಿಗೆ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟು, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಸರ್ಕಾರಿ, ಖಾಸಗಿ ಎಂದು ಭೇದ ಮಾಡಲಿಲ್ಲ. ಭೇದ ಹುಟ್ಟಿದ್ದು ಜಾರಿಯಲ್ಲಿ. ಖಾಸಗಿಯವರು ಮಾನ್ಯತೆ ನವೀಕರಣಕ್ಕೆ ಹೋದಾಗ ಕಡತದಲ್ಲಿ ಅಗ್ನಿಸುರಕ್ಷತೆ, ಕಟ್ಟಡ ಸುರಕ್ಷತೆಯ ಪತ್ರಗಳಿರಬೇಕು. ಸರ್ಕಾರಿ ಶಾಲೆಗೆ ನವೀಕರಣದ ತಲೆನೋವೇ ಇಲ್ಲ. ನಡೆಸುವವರೂ ತಪಾಸಣೆ ಮಾಡುವವರೂ ಒಂದೇ ಮನೆಯವರು.

2022ರಲ್ಲಿ ಕರ್ನಾಟಕದ ಸುಮಾರು 13,000 ಖಾಸಗಿ ಶಾಲೆಗಳ ಪರವಾಗಿ ಎರಡು ಸಂಘಟನೆಗಳು ಪ್ರಧಾನಿಗೆ ಪತ್ರ ಬರೆದು, ಪಾಲಿಸಲಾಗದ ನಿಯಮಗಳನ್ನು ತಮ್ಮ ಮೇಲಷ್ಟೇ ಹೇರಲಾಗುತ್ತಿದೆ, ಮಾನ್ಯತೆಗೆ ಲಂಚ ಕೇಳಲಾಗುತ್ತಿದೆ ಎಂದು ದೂರಿದವು. ಲಂಚದ ಮಾತು ಬೇರೆಯೇ ಲೇಖನಕ್ಕಾದೀತು. ತಾರತಮ್ಯದ ಮಾತಿನಲ್ಲಿ ಮಾತ್ರ ಹುರುಳಿದೆ. ಹಾಗಂತ ಖಾಸಗಿಯವರನ್ನು ಬಿಟ್ಟುಬಿಡಿ ಎನ್ನಲಾಗದು, ಸರ್ಕಾರಿ ಶಾಲೆಯನ್ನೂ ಅದೇ ಕಣ್ಣಿನಿಂದ ನೋಡಿ ಎನ್ನಬೇಕು.

ಜೂನ್ ಮಳೆಯಲ್ಲಿ ಮಲೆನಾಡಿನ ಹಳೆಯ ಹೆಂಚಿನ ಶಾಲೆಯೊಂದಕ್ಕೆ ಹೋಗಿ. ರೀಪಿಗೆ ಗೆದ್ದಲು, ಒಡೆದ ಹೆಂಚಿನ ಕೆಳಗೆ ಬಕೆಟ್. ಮೇಷ್ಟ್ರು ಆ ಮೂಲೆಯ ಬೆಂಚು ಎಳೆದು ನಾಲ್ಕು, ಐದನೇ ಕ್ಲಾಸನ್ನು ಒಟ್ಟಿಗೆ ಕೂರಿಸಿರುತ್ತಾರೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ದುರಸ್ತಿಗೆ ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೆದಿರುತ್ತದೆ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಸರ್ಕಾರಿ ಶಾಲೆ ಕುಸಿದು 7 ಮಕ್ಕಳು ಸತ್ತಿದ್ದು ಇಂಥದೇ ಮಳೆಗಾಲದಲ್ಲಿ.

ಖಾಸಗಿ ಶಾಲೆಯ ಅಪಾಯ ಹೆಚ್ಚಾಗಿ ದಾರಿಯಲ್ಲಿರುತ್ತದೆ, ಇಲ್ಲವೇ ಒಳಗಿನ ಮನುಷ್ಯರಲ್ಲಿ. 2016ರ ಜೂನ್‌ನಲ್ಲಿ ಕುಂದಾಪುರ ಬಳಿಯ ತ್ರಾಸಿಯಲ್ಲಿ ಶಾಲಾ ವ್ಯಾನು, ಬಸ್ಸು ಡಿಕ್ಕಿಯಾಗಿ 8 ಮಕ್ಕಳು ಹೋದರು. ವಿಚಿತ್ರವೆಂದರೆ, ಶಾಲಾ ವಾಹನದ ವೇಗಮಿತಿ, ಕಿಟಕಿ ಸರಳು, ಸಹಾಯಕರ ಬಗ್ಗೆ ಸುಪ್ರೀಂ ಕೋರ್ಟ್ 1997ರ ಡಿಸೆಂಬರ್‌ನಲ್ಲಿ ಆದೇಶ ಕೊಟ್ಟಿದ್ದು ದೆಹಲಿಯ ಸರ್ಕಾರಿ ಶಾಲೆಯ ಮಕ್ಕಳಿದ್ದ ಬಸ್ಸು ಯಮುನೆಗೆ ಬಿದ್ದಮೇಲೆ.

2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಳಗೆ 6 ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆದ ಸುದ್ದಿಗೆ ಪೋಷಕರು ಬೀದಿಗಿಳಿದರು. ಸಿಸಿಟಿವಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮನೆಮಾತಾಗಿದ್ದು ಆಗ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ದೂರು ಕೊಡದಿದ್ದರೆ ಶಿಕ್ಷೆ ಎನ್ನುವ ಪೋಕ್ಸೊ ಕಾಯ್ದೆ 2012ರಿಂದಲೇ ಇತ್ತು. ಫೀಸು ಕಟ್ಟಿದವರ ದನಿಗೆ ನಿಯಮ ಬೇಗ ಬರುತ್ತದೆ. ಕೂಲಿ ಬಿಟ್ಟು ಶಾಲೆಗೆ ಬರಲಾಗದವರ ದೂರು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ ದಾಟುವುದೇ ಕಷ್ಟ.

2021ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಶಾಲಾ ಸುರಕ್ಷತೆಯ ಮಾರ್ಗಸೂಚಿ ಎರಡೂ ಬಗೆಯ ಶಾಲೆಗಳಿಗೆ ಹೊಣೆ ನಿಗದಿ ಮಾಡಿತು. ಖಾಸಗಿಯಲ್ಲಿ ಆಡಳಿತ ಮಂಡಳಿ, ಪ್ರಾಂಶುಪಾಲರು. ಸರ್ಕಾರಿಯಲ್ಲಿ ಮುಖ್ಯಶಿಕ್ಷಕರು, ಇಲಾಖೆ. ಹೆಂಚು ಹೊದೆಸುವ ದುಡ್ಡಿಗೆ ಮುಖ್ಯಶಿಕ್ಷಕರು ಈಗಲೂ ಇಲಾಖೆಯ ದಾರಿಯನ್ನೇ ಕಾಯಬೇಕು.