ನಿಂತಿರುವ ಡೀಸೆಲ್ ಕಂಪ್ರೆಸರನ್ನು ವಾರಕ್ಕೊಮ್ಮೆ ಐದು ನಿಮಿಷ ಓಡಿಸಿದರೆ ಸಾಕಾ?

ಓದುಗರ ಪ್ರಶ್ನೆ: "ಮುಂದಿನ ಕೆಲಸಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಡೀಸೆಲ್ ಎಂಜಿನ್ನಿನ ಸ್ಕ್ರೂ ಕಂಪ್ರೆಸರ್ ಶೆಡ್ಡಿನಲ್ಲಿ ನಿಂತಿದೆ. ಕೆಡದೆ ಇರಲಿ ಅಂತ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ. ಸರಿನಾ?"

ಸರಿ ಇಲ್ಲ. ಸುಮ್ನೆ ಬಿಟ್ಟಿದ್ದರೇ ವಾಸಿ.

ಯಾಕೆ ಅಂದರೆ, ಎರಡು ಸ್ಕ್ರೂಗಳ ನಡುವೆ ಗಾಳಿಯನ್ನು ಒತ್ತಿ ಕಳಿಸುವ ಈ ಯಂತ್ರ ಓಡಿದಾಗಲೆಲ್ಲ ನೀರು ಹುಟ್ಟುತ್ತದೆ. 7 ಬಾರ್ ಒತ್ತಡ ಅಂದರೆ ಎಂಟು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ತುರುಕಿದ ಹಾಗೆ. ಅಷ್ಟೂ ಗಾಳಿಯ ತೇವ ಒಳಗೇ ಬರುತ್ತದೆ. ಬಿಸಿ ಇದ್ದರೆ ಅದು ಆವಿಯಾಗಿ ಗಾಳಿಯ ಜೊತೆ ಹೊರಗೆ ಹೋಗುತ್ತದೆ, ಯಂತ್ರ ತಣ್ಣಗಿದ್ದರೆ ನೀರಾಗಿ ಕಂಪ್ರೆಸರ್ ಆಯಿಲ್ಲಿಗೆ ಸೇರಿಕೊಳ್ಳುತ್ತದೆ. ಎಂಜಿನ್ನಿನ ಕಥೆಯೂ ಅದೇ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಬರುತ್ತದೆ, ಅದರಲ್ಲಿ ಸ್ವಲ್ಪ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲ್ಲಿನಲ್ಲೂ ಉಳಿಯುತ್ತದೆ. ಐದು ನಿಮಿಷದಲ್ಲಿ ಯಾವುದೂ ಸರಿಯಾಗಿ ಬಿಸಿಯಾಗುವುದಿಲ್ಲ. ನೀರು ಹುಟ್ಟಿಸಿ, ಒಣಗಿಸದೆ ಆಫ್ ಮಾಡಿದ ಹಾಗಾಯಿತು ಅಲ್ವಾ?

ನಾನೂ ಇದೇ ತಪ್ಪು ಮಾಡಿದವನೇ. ಮೂರು ತಿಂಗಳು ಹೀಗೆ "ನೋಡಿಕೊಂಡ" ಮೇಲೆ ಗಾಳಿಯಿಂದ ಆಯಿಲ್ ಬೇರೆ ಮಾಡುವ ಸೆಪರೇಟರ್ ಟ್ಯಾಂಕಿನ ಅಡಿಯ ಡ್ರೈನ್ ವಾಲ್ವ್ ತೆರೆದೆ. ಮೊದಲು ನೀರು ಬಂತು, ಬಗ್ಗಿ ನೋಡುತ್ತಾ ನಿಂತಿದ್ದೆ, ಇನ್ನೂ ನೀರೇ ಬರುತ್ತಿತ್ತು, ಆಮೇಲೆ ಬೆಳ್ಳಗೆ ನೊರೆನೊರೆಯಾದ ಆಯಿಲ್. ಸ್ಕ್ರೂಗಳ ಬೇರಿಂಗ್‌ಗೆ ಹೋಗುವುದು ಇದೇ ಆಯಿಲ್. ಆಯಿಲ್ ಬದಲಾಯಿಸಿದ್ದಕ್ಕೆ ಬಚಾವಾದೆ.

ಓಡಿಸಲೇಬೇಕು ಅಂತಿದ್ದರೆ ತಿಂಗಳಿಗೊಮ್ಮೆ ಓಡಿಸಿ, ಆದರೆ ಸರಿಯಾಗಿ ಓಡಿಸಿ. ಬಿಸಿಯಾದ ಮೇಲೆ ಲೋಡ್ ಕೊಡಿ, ಅಂದರೆ ಗಾಳಿ ನಿಜಕ್ಕೂ ಹೊರಗೆ ಹೋಗುತ್ತಿರಬೇಕು. ಡಿಸ್ಚಾರ್ಜ್ ಟೆಂಪರೇಚರ್, ಅಂದರೆ ಸ್ಕ್ರೂಗಳಿಂದ ಹೊರಬರುವ ಗಾಳಿಯ ಬಿಸಿ, ಮಾಮೂಲಿ ಮಟ್ಟಕ್ಕೆ ಬರಬೇಕು, ಹೆಚ್ಚಿನ ಸ್ಕ್ರೂ ಯಂತ್ರಗಳಲ್ಲಿ ಅದು 80ರಿಂದ 100 ಡಿಗ್ರಿ. ಅಲ್ಲಿಗೆ ಬಂದ ಮೇಲೂ ಅರ್ಧ ಗಂಟೆ ಓಡಲು ಬಿಡಿ. ನಿಲ್ಲಿಸುವ ಮೊದಲು ಕೆಲವು ನಿಮಿಷ ಲೋಡ್ ಇಲ್ಲದೆ ಓಡಲಿ. ಮಾರನೇ ದಿನ, ಪ್ರೆಶರ್ ಗೇಜ್ ಸೊನ್ನೆಯಲ್ಲಿದೆ ಅಂತ ಕಣ್ಣಾರೆ ನೋಡಿಕೊಂಡು, ಡ್ರೈನ್ ವಾಲ್ವ್ ನಿಧಾನವಾಗಿ ತೆರೆಯಿರಿ. ನೀರು ನಿಂತು ಆಯಿಲ್ ಬರಲು ಶುರುವಾದ ತಕ್ಷಣ ಮುಚ್ಚಿ. ಒತ್ತಡ ಇರುವಾಗ ಡ್ರೈನ್ ವಾಲ್ವನ್ನಾಗಲಿ, ಆಯಿಲ್ ಮುಚ್ಚಳವನ್ನಾಗಲಿ ಮುಟ್ಟಲೇಬೇಡಿ. ಬಿಸಿ ಆಯಿಲ್ ಮುಖಕ್ಕೇ ಹಾರುತ್ತದೆ.

ಇಷ್ಟೆಲ್ಲ ಆಗಲ್ಲ ಅನ್ನುವುದಾದರೆ ನಾಲ್ಕು ತಿಂಗಳು ಪೂರ್ತಿ ಮಲಗಿಸಿಬಿಡಿ. ಎಂಜಿನ್ ಆಯಿಲ್ ಈಗಲೇ ಬದಲಿಸಿ. "ಹೇಗೂ ನಿಲ್ಲುತ್ತಲ್ಲ, ಆಮೇಲೆ ಬದಲಿಸೋಣ" ಅನ್ನುವವರೇ ಜಾಸ್ತಿ, ಆದರೆ ಓಡಿದ ಆಯಿಲ್ಲಿನಲ್ಲಿ ಆಮ್ಲ ಸೇರಿರುತ್ತದೆ, ಅದು ನಿಂತಲ್ಲೇ ಬೇರಿಂಗ್ ತಿನ್ನುತ್ತದೆ. ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಇದ್ದಷ್ಟೂ ಒಳಗೋಡೆ ಬೆವರುತ್ತದೆ. ಆ ನೀರು ಅಡಿಯಲ್ಲಿ ನಿಂತರೆ ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ತೆಗೆದು ಕೂಲಂಟ್ ಹಾಕಿ. ಸೈಲೆನ್ಸರಿನ ಬಾಯಿ, ಏರ್ ಫಿಲ್ಟರಿನ ಬಾಯಿ ಎರಡನ್ನೂ ಮುಚ್ಚಿ. ಮುಚ್ಚಿದ್ದೀರಿ ಅಂತ ಒಂದು ಚೀಟಿ ಬರೆದು ಕೀ ಹಾಕುವ ಜಾಗದಲ್ಲೇ ಕಟ್ಟಿ, ನಾಲ್ಕು ತಿಂಗಳಾದ ಮೇಲೆ ಯಾರಿಗೂ ನೆನಪಿರಲ್ಲ. ಇಲಿಗಳಿಗೆ ಈ ಯಂತ್ರ ಅರಮನೆ ಇದ್ದಂಗೆ, ಆಗಾಗ ಬಾಗಿಲು ತೆಗೆದು ವೈರುಗಳ ಮೇಲೆ ಕಣ್ಣಾಡಿಸಿ.

ಬ್ಯಾಟರಿ ವಿಷಯ ಬೇರೆಯೇ. ಈಗಿನ ಎಷ್ಟೋ ಯಂತ್ರಗಳಲ್ಲಿ ಎಲ್ಲಿದೆ, ಎಷ್ಟು ಗಂಟೆ ಓಡಿದೆ ಅಂತ ಮೊಬೈಲಿಗೆ ಕಳಿಸುವ ಒಂದು ಡಬ್ಬಿ ಇರುತ್ತದೆ. ನಿಗಾ ಇಡಲು ಒಳ್ಳೆಯದೇ, ಆದರೆ ಯಂತ್ರ ನಿಂತಿದ್ದಾಗ ಆ ಡಬ್ಬಿಯೇ ದಿನವೂ ಬ್ಯಾಟರಿ ಹೀರುತ್ತಿರುತ್ತದೆ! ಒಂದೋ ಚಾರ್ಜರ್ ಹಾಕಿಡಿ, ಇಲ್ಲ ನೆಗೆಟಿವ್ ಕೇಬಲ್ ಬಿಚ್ಚಿಟ್ಟು ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ. 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ 12.6ರ ಆಸುಪಾಸು ತೋರಿಸುತ್ತದೆ, 12.4ಕ್ಕಿಂತ ಇಳಿದರೆ ಚಾರ್ಜಿಗೆ ಹಾಕಿ. ಡಬ್ಬಿ ಇದ್ದರೂ ಒಂದು ನೋಟ್‌ಬುಕ್ ಇರಲಿ. ಆಯಿಲ್ ಎಲ್ಲಿ ತೊಟ್ಟಿಕ್ಕುತ್ತಿದೆ ಅಂತ ಡಬ್ಬಿ ಹೇಳುವುದಿಲ್ಲ.

ಮತ್ತೆ ಸ್ಟಾರ್ಟ್ ಮಾಡುವ ದಿನ ಸೀದಾ ಕೀ ತಿರುಗಿಸಬೇಡಿ. ಚೀಟಿ ನೋಡಿ ಮುಚ್ಚಳ ತೆಗೆಯಿರಿ, ಸೆಪರೇಟರಿನ ನೀರು ಹೊರಗೆ ಬಿಡಿ, ಆಯಿಲ್ ಮಟ್ಟ ನೋಡಿ. ತಿಂಗಳುಗಟ್ಟಲೆ ನಿಂತ ಸ್ಕ್ರೂ ಒಣಗಿರುತ್ತದೆ. ಹಾಗಾಗಿ ಏರ್ ಎಂಡ್ (ಸ್ಕ್ರೂಗಳಿರುವ ಭಾಗ) ಗಾಳಿ ಎಳೆದುಕೊಳ್ಳುವ ಬಾಯಿಗೆ ಅದೇ ಕಂಪ್ರೆಸರ್ ಆಯಿಲ್ ಸ್ವಲ್ಪ ಸುರಿದು, ಬ್ಯಾಟರಿ ಕೇಬಲ್ ಬಿಚ್ಚಿಟ್ಟುಕೊಂಡೇ, ಕೈಯಲ್ಲಿ ಕೆಲವು ಸುತ್ತು ತಿರುಗಿಸಿ. ಎಷ್ಟು ಆಯಿಲ್, ಎಲ್ಲಿ ಹಿಡಿದು ತಿರುಗಿಸಬೇಕು ಅನ್ನುವುದು ನಿಮ್ಮ ಯಂತ್ರದ ಮ್ಯಾನುಯಲ್ಲಿನಲ್ಲಿರುತ್ತದೆ. ಬಿಗಿಯಾಗಿ ಹಿಡಿದುಕೊಂಡಂತೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ನ ಕರೆಯಿರಿ. ಸೆಲ್ಫ್ ಹೊಡೆದು ಬಿಡಿಸಲು ಮಾತ್ರ ಹೋಗಬೇಡಿ.